ಮನೆಗೇ ಬಂದ ಮದ್ದು

ಕಫ ಪರೀಕ್ಷೆಗೆ ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಗಾಜಿನ ಸ್ಲೈಡು, ಒಂದು ಪೊರಕೆಕಡ್ಡಿ, ಸ್ಪಿರಿಟ್ ದೀಪ, ಮೂರು ಬಾಟಲಿ ದ್ರಾವಣ, ಒಂದು ಸೂಕ್ಷ್ಮದರ್ಶಕ. ಕಡ್ಡಿಯ ತುದಿಯಿಂದ ಕಫದ ಹಳದಿ ಗಟ್ಟಿ ಭಾಗವನ್ನೇ ಆರಿಸಿ ತೆಗೆದು ಸ್ಲೈಡಿನ ಮೇಲೆ ತೆಳ್ಳಗೆ ಹರಡಬೇಕು. ಒಣಗಿದ ಮೇಲೆ ದೀಪದ ಉರಿಯ ಮೇಲೆ ಮೂರ್ನಾಲ್ಕು ಸಲ ಆಡಿಸಬೇಕು. ಆಮೇಲೆ ಕಾರ್ಬಾಲ್ ಫುಕ್ಸಿನ್ ಎಂಬ ಕಡುಗೆಂಪು ಬಣ್ಣ ಸುರಿದು ಕೆಳಗಿನಿಂದ ಕಾಯಿಸಬೇಕು. ಆವಿ ಏಳಬೇಕು, ಕುದಿಯಬಾರದು. ಐದು ನಿಮಿಷ ಬಿಟ್ಟು ತೊಳೆದು ಶೇಕಡಾ 25ರ ಗಂಧಕಾಮ್ಲ ಸುರಿದರೆ ಉಳಿದೆಲ್ಲದರ ಬಣ್ಣ ಬಿಟ್ಟುಹೋಗುತ್ತದೆ. ಕ್ಷಯದ ರೋಗಾಣು ಮಾತ್ರ ಹಿಡಿದ ಕೆಂಪನ್ನು ಬಿಡುವುದಿಲ್ಲ. ಅದರ ಮೈಮೇಲೆ ಮೇಣದ ಹೊದಿಕೆ ಇದೆ. ಕೊನೆಗೆ ಮೆಥಿಲೀನ್ ನೀಲಿ ಹಾಕಿ ತೊಳೆದು, ಒಂದು ತೊಟ್ಟು ಎಣ್ಣೆ ಬಿಟ್ಟು ನೋಡಿದರೆ ನೀಲಿಯ ನಡುವೆ ಸಣ್ಣ ಸಣ್ಣ ಕೆಂಪು ಗೀಟುಗಳು. ಕೆಲವೊಮ್ಮೆ ಒಂಟಿ, ಕೆಲವೊಮ್ಮೆ ಗುಂಪುಗುಂಪು. ಏನೂ ಕಾಣದಿದ್ದರೂ ಕನಿಷ್ಠ ನೂರು ಕ್ಷೇತ್ರ ನೋಡದೆ 'ಇಲ್ಲ' ಎಂದು ಬರೆಯುವಂತಿಲ್ಲ.

ಈ ವಿಧಾನ ಹಳೆಯದು. ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವಿನ ಸುದ್ದಿ ಹೇಳಿದ್ದು 1882ರ ಮಾರ್ಚ್ 24ರಂದು. ಅದರ ಬೆನ್ನಿಗೇ ಜೀಲ್ ಮತ್ತು ನೀಲ್ಸನ್ ಎಂಬ ಜರ್ಮನಿಯವರಿಬ್ಬರು ಬಣ್ಣ ಹಾಕುವ ಈ ಕ್ರಮವನ್ನು ಹದಕ್ಕೆ ತಂದರು. ನೂರು ವರ್ಷ ಕಳೆದು, 1980ರ ದಶಕದಲ್ಲಿ ನಾನು ತುಮಕೂರು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದಾಗಲೂ ಅದೇ ಕೆಂಪು, ಅದೇ ಆಮ್ಲ, ಅದೇ ನೀಲಿ. ಆದರೆ ಕಾಖ್ ಕಾಲದ ವೈದ್ಯ ರೋಗಾಣು ಕಂಡ ಮೇಲೆ ರೋಗಿಗೆ ಕಾಯಿಲೆಯ ಹೆಸರು ಹೇಳಬಹುದಿತ್ತು, ಅಷ್ಟೇ. ನಾನು ಚೀಟಿ ಬರೆದು ಪಕ್ಕದ ಕೋಣೆಗೆ ಕಳಿಸುತ್ತಿದ್ದೆ. ಅಲ್ಲಿ ಮಾತ್ರೆ ಇತ್ತು. ಆಧುನಿಕ ವೈದ್ಯಶಾಸ್ತ್ರ ಮನುಷ್ಯನಿಗೆ ಏನು ಕೊಟ್ಟಿತು ಎಂದು ಯಾರಾದರೂ ಕೇಳಿದರೆ ನನಗೆ ಹೃದಯ ಕಸಿಯಾಗಲಿ ರೋಬೋಟ್ ಶಸ್ತ್ರಚಿಕಿತ್ಸೆಯಾಗಲಿ ಮೊದಲು ನೆನಪಾಗುವುದಿಲ್ಲ. ಪ್ರಯೋಗಶಾಲೆಯಿಂದ ಆ ಪಕ್ಕದ ಕೋಣೆಗೆ ಇದ್ದ ಹತ್ತು ಹೆಜ್ಜೆ ನೆನಪಾಗುತ್ತದೆ.

ನಮ್ಮ ಮನೆಯಲ್ಲಿ ಆ ಮಾತ್ರೆಯ ಕಾಲಕ್ಕೆ ಮುಂಚೆಯೇ ಹೋದವರು ದೊಡ್ಡತ್ತೆ, ನಮ್ಮ ತಂದೆಯ ಅಕ್ಕ. ನಾನು ಅವರನ್ನು ನೋಡಿಲ್ಲ. 1950ರ ಸುಮಾರಿಗೆ, ಇಪ್ಪತ್ತು ತುಂಬುವ ಹೊತ್ತಿಗೆ ತೀರಿಕೊಂಡರು. ಕೊರಟಗೆರೆ ಸೀಮೆಯ ನಮ್ಮ ಮನೆಯಲ್ಲಿ ಹಿತ್ತಿಲ ಕಡೆಗೆ ಒಂದು ಕೋಣೆಯಿತ್ತು. ನಾವು ಮಕ್ಕಳಾಗಿದ್ದಾಗ ಅದರಲ್ಲಿ ಸೌದೆ, ಕಡಲೆಕಾಯಿ ಮೂಟೆ ಇಡುತ್ತಿದ್ದರು, ಯಾರೂ ಮಲಗುತ್ತಿರಲಿಲ್ಲ. ಗಂಡನ ಮನೆಯವರು ಜ್ವರ, ಕೆಮ್ಮು ಎಂದು ತಂದು ಬಿಟ್ಟುಹೋದ ಮೇಲೆ ಅತ್ತೆ ಅಲ್ಲೇ ಇದ್ದರಂತೆ. ಅವರ ತಟ್ಟೆ, ಲೋಟ ಬೇರೆ. ಅಜ್ಜಿ ಆಡುಸೋಗೆ ಸೊಪ್ಪಿನ ಕಷಾಯ ಕಾಯಿಸಿದರು, ಆಡಿನ ಹಾಲು ಕುಡಿಸಿದರು, ಹರಕೆ ಹೊತ್ತರು. ಸಂಜೆಯಾದರೆ ಜ್ವರ, ರಾತ್ರಿ ಸೀರೆ ಒದ್ದೆಯಾಗುವಷ್ಟು ಬೆವರು. "ಮೈ ಅನ್ನೋದು ದಿನಾ ಒಂದಿಷ್ಟು ಸೋರಿ ಹೋಗೋದು ಕಣವ್ವ, ನಾನು ನೋಡ್ತಾ ಕೂತಿರ್ತಿದ್ದೆ" ಎಂದು ಅಜ್ಜಿ ಹೇಳುವಾಗ ಅವರ ಕೈ ಅಕ್ಕಿ ಆರಿಸುವುದನ್ನು ನಿಲ್ಲಿಸುತ್ತಿರಲಿಲ್ಲ. ಯಾರನ್ನೋ ಹಿಡಿದು ಮೈಸೂರಿನ ಸ್ಯಾನಟೋರಿಯಂನಲ್ಲಿ ಒಂದು ಹಾಸಿಗೆ ದೊರಕಿಸಿದ್ದರು ತಾತ. ಕೆಲವು ತಿಂಗಳಿದ್ದು ಸ್ವಲ್ಪ ಮೈ ತುಂಬಿಕೊಂಡು ಬಂದರಂತೆ. ಮಳೆಗಾಲ ಕಳೆಯುವುದರೊಳಗೆ ಬಾಯಲ್ಲಿ ರಕ್ತ. ಅವರು ಹೋದ ಮೇಲೆ ಹಾಸಿಗೆ, ಚಾಪೆ, ಸೀರೆ ಎಲ್ಲವನ್ನೂ ಸುಟ್ಟರು. ಫೋಟೋ ಯಾವತ್ತೂ ತೆಗೆಸಿರಲಿಲ್ಲ. ಹಾಗಾಗಿ ದೊಡ್ಡತ್ತೆಯ ಮುಖ ಹೇಗಿತ್ತೆಂದು ತಿಳಿಯುವ ದಾರಿ ನಮಗೆ ಉಳಿದಿಲ್ಲ.

ಮೈಸೂರಿನ ಆ ಸ್ಯಾನಟೋರಿಯಂ ಹುಟ್ಟಿದ್ದೂ ಒಂದು ಮನೆಯ ದುಃಖದಿಂದಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು. ಅವರ ಹೆಣ್ಣುಮಕ್ಕಳನ್ನೂ ಅದೇ ರೋಗ ಕೊಂಡೊಯ್ದಿತು. ಅವರ ನೆನಪಿಗೆ ಕೃಷ್ಣರಾಜಸಾಗರದ ರಸ್ತೆಯಲ್ಲಿ ಆಸ್ಪತ್ರೆ ಎದ್ದಿತು. ನಮ್ಮ ಗಡಿಯಾಚೆ ಮದನಪಲ್ಲಿಯ ಆರೋಗ್ಯವರದಲ್ಲಿ ಮಿಷನರಿಗಳ ದೊಡ್ಡ ಸ್ಯಾನಟೋರಿಯಂ ಇತ್ತು. ಜವಾಹರಲಾಲ್ ನೆಹರೂ ಅವರ ಪತ್ನಿ ಕಮಲಾ ಅವರಿಗೆ ಭೊವಾಲಿಯಲ್ಲಿ, ಆಮೇಲೆ ಯೂರೋಪಿನಲ್ಲಿ ಚಿಕಿತ್ಸೆಯಾಯಿತು. 1936ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು. ಅರಮನೆಗಾಗಲಿ ನೆಹರೂ ಮನೆತನದ ಆನಂದಭವನಕ್ಕಾಗಲಿ ಕೊಳ್ಳಲು ಸಾಧ್ಯವಿದ್ದದ್ದು ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ಬಿಸಿಲು, ವಿಶ್ರಾಂತಿ. ಇನ್ನು ಕೆಲವರಿಗೆ ಎದೆಗೂಡಿನೊಳಗೆ ಸೂಜಿಯಿಂದ ಗಾಳಿ ತುಂಬಿ ರೋಗದ ಶ್ವಾಸಕೋಶವನ್ನು ಮುದುಡಿಸಿ ವಿಶ್ರಾಂತಿ ಕೊಡುತ್ತಿದ್ದರು. ಅದೂ ಆಗದಿದ್ದರೆ ಪಕ್ಕೆಲುಬು ಕತ್ತರಿಸುವ ಆಪರೇಷನ್. ಅದನ್ನು ಮಾಡಿಸಿಕೊಂಡು ಬದುಕುಳಿದಿದ್ದ ಒಬ್ಬ ಮೇಷ್ಟ್ರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಒಂದು ಭುಜ ಇಳಿದು, ಅಂಗಿ ಒಂದೇ ಕಡೆ ಜೋಲುತ್ತಿತ್ತು. ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದರು.

ಅತ್ತೆ ಸಾಯುವ ಹೊತ್ತಿಗೆ ಔಷಧಿ ಲೋಕದಲ್ಲಿ ಇರಲೇ ಇಲ್ಲ ಎನ್ನುವಂತಿಲ್ಲ. ಅಮೆರಿಕದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ಯುವಕ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ತೆಗೆದದ್ದು 1943ರಲ್ಲಿ. ಕೊರಟಗೆರೆಗೆ ಅದು ಬರಲಿಲ್ಲ, ಅಷ್ಟೇ. ಬಂದಿದ್ದರೂ ಅದೊಂದೇ ಸಾಕಾಗುತ್ತಿರಲಿಲ್ಲ ಎಂಬುದು ನಾನು ಈ ಕೆಲಸ ಕಲಿತ ಮೇಲೆ ತಿಳಿಯಿತು. ಒಂದೇ ಔಷಧಿ ಕೊಟ್ಟರೆ ಕೆಲವು ತಿಂಗಳು ರೋಗಿ ಚೇತರಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಅದಕ್ಕೆ ಬಗ್ಗದ ಕೆಲವೇ ರೋಗಾಣುಗಳು ಉಳಿದು, ಬೆಳೆದು, ರೋಗ ಮತ್ತೆ ಏಳುತ್ತದೆ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ ಇದು ಸ್ಪಷ್ಟವಾಗಿ ಕಂಡಿತ್ತು. ಪ್ಯಾಸ್ ಎಂಬ ಇನ್ನೊಂದು ಔಷಧಿ ಜೊತೆಗೂಡಿತು. 1952ರಲ್ಲಿ ಐಸೊನಯಾಜಿಡ್ ಬಂತು: ಪುಟ್ಟ ಬಿಳಿ ಮಾತ್ರೆ, ಅಗ್ಗ, ಬಾಯಲ್ಲಿ ನುಂಗಿದರೆ ಸಾಕು. ಎರಡು ಮೂರು ಔಷಧಿ ಒಟ್ಟಿಗೆ, ಬಹಳ ಕಾಲ, ತಪ್ಪದೆ ಕೊಟ್ಟರೆ ಕ್ಷಯ ವಾಸಿಯಾಗುತ್ತದೆ ಎಂದು ಗೊತ್ತಾದದ್ದು ಹೀಗೆ.

ಆದರೆ ಕೊಡುವುದು ಎಲ್ಲಿ? ಲಕ್ಷಗಟ್ಟಲೆ ರೋಗಿಗಳಿದ್ದ ದೇಶದಲ್ಲಿ ಸ್ಯಾನಟೋರಿಯಂ ಹಾಸಿಗೆಗಳು ಬೆರಳೆಣಿಕೆಯಷ್ಟು. ಇದಕ್ಕೆ ಉತ್ತರ ಸಿಕ್ಕಿದ್ದು ಮದರಾಸಿನಲ್ಲಿ. ನಮ್ಮ ದೇಶದ ವೈದ್ಯಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ನಡೆದದ್ದು ಕಡಿಮೆ ಎಂದೇ ನನ್ನ ನಂಬಿಕೆ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಅಲ್ಲೊಂದು ಕೇಂದ್ರ ತೆರೆದವು. ಅದರ ಮೊದಲ ಮುಖ್ಯಸ್ಥ ವಾಲೇಸ್ ಫಾಕ್ಸ್. ನಗರದ ಬಡ ಕ್ಷಯರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಅರ್ಧ ಮಂದಿ ಒಂದು ವರ್ಷ ಸ್ಯಾನಟೋರಿಯಂಗೆ ಹೋದರು, ಇನ್ನರ್ಧ ತಮ್ಮ ಗುಡಿಸಲಿಗೆ. ಇಬ್ಬರಿಗೂ ಅದೇ ಐಸೊನಯಾಜಿಡ್, ಅದೇ ಪ್ಯಾಸ್. ಸ್ಯಾನಟೋರಿಯಂನವರಿಗೆ ಒಳ್ಳೆಯ ಊಟ, ಮಂಚ, ನರ್ಸು. ಮನೆಯವರಿಗೆ ಒಂದೇ ಕೋಣೆ, ಅರೆಹೊಟ್ಟೆ. ಎಷ್ಟೋ ಜನ ಬೇಗನೆ ಕೂಲಿಗೂ ಹೋಗತೊಡಗಿದರು. ವರ್ಷದ ಕೊನೆಗೆ ಸ್ಯಾನಟೋರಿಯಂನಲ್ಲಿ ನೂರಕ್ಕೆ 92 ಮಂದಿಯ ರೋಗ ಹತೋಟಿಗೆ ಬಂದಿತ್ತು, ಮನೆಯಲ್ಲಿ ನೂರಕ್ಕೆ 86. ಇದ್ದ ವ್ಯತ್ಯಾಸ ಸಣ್ಣದು. ಮನೆಯಲ್ಲಿ ಜೊತೆಗಿದ್ದ ಹೆಂಡತಿ ಮಕ್ಕಳಿಗೆ ಅದರಿಂದ ಹೆಚ್ಚಾಗಿ ರೋಗ ಹರಡಲೂ ಇಲ್ಲ. ಮಾತ್ರೆ ಶುರುವಾದ ಮೇಲೆ ಕಫದಲ್ಲಿ ರೋಗಾಣು ಬೇಗ ಕಡಿಮೆಯಾಗುತ್ತಿತ್ತು. 1959ರಲ್ಲಿ ಈ ವರದಿ ಬಂದ ಮೇಲೆ ಶ್ರೀಮಂತ ದೇಶಗಳ ಸ್ಯಾನಟೋರಿಯಂಗಳಿಗೂ ಅಸ್ತಿತ್ವದ ಪ್ರಶ್ನೆ ಎದ್ದಿತು. ಮದರಾಸಿನ ಕೇರಿಯ ಜನ ತಮ್ಮ ಎದೆಯಿಂದ ಇಡೀ ಜಗತ್ತಿನ ಚಿಕಿತ್ಸೆಯನ್ನು ಬದಲಿಸಿದರು. ಅವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ.

ಇದರ ಫಲ ನಮ್ಮ ಮನೆಗೇ ಬಂತು. 1964ರಲ್ಲಿ ನಮ್ಮ ಚಿಕ್ಕಪ್ಪನಿಗೆ ಇಪ್ಪತ್ತೆರಡು ವರ್ಷ. ನಿಶ್ಚಿತಾರ್ಥ ಆಗಿತ್ತು. ಕೆಮ್ಮಿನಲ್ಲಿ ರಕ್ತದ ಎಳೆ ಕಂಡಿತು. ಅಜ್ಜಿ ಮಾತೇ ಆಡದೆ ಹಿತ್ತಿಲ ಕೋಣೆಯ ಸೌದೆ ಹೊರಗೆ ಹಾಕಿಸತೊಡಗಿದರಂತೆ. ತುಮಕೂರಿನಲ್ಲಿ ಎಕ್ಸ್‌ರೇ, ಕಫ ಪರೀಕ್ಷೆ ಆಯಿತು. ಅಲ್ಲಿಯ ಡಾಕ್ಟರು ತಾತನಿಗೆ, "ಯಜಮಾನರೇ, ಹುಡುಗ ನಿಮ್ಮ ನಡುಮನೆಯಲ್ಲೇ ಇರಲಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ, ಕಿಟಕಿ ತೆಗೆದಿಡಿ. ಈ ಮಾತ್ರೆ ಒಂದು ದಿನವೂ ತಪ್ಪಬಾರದು" ಎಂದರಂತೆ. ಅಜ್ಜಿಗೆ ನಂಬಿಕೆ ಬರಲಿಲ್ಲ. ಆದರೂ ಸೌದೆ ಮತ್ತೆ ಒಳಗೆ ಹೋಯಿತು. ಪ್ಯಾಸ್ ನುಂಗುವುದೇ ಒಂದು ಶಿಕ್ಷೆ. ದಿನಕ್ಕೆ ಹತ್ತು ಗ್ರಾಂನಷ್ಟು, ಹೊಟ್ಟೆಯೊಳಗೆ ಉರಿ, ವಾಕರಿಕೆ, ಭೇದಿ. ಚಿಕ್ಕಪ್ಪ ವಾಂತಿ ಮಾಡಿಕೊಂಡರೆ ಅಜ್ಜಿ ಮಜ್ಜಿಗೆ ಕುಡಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನುಂಗಿಸುತ್ತಿದ್ದರು. ಒಂದು ಮಗುವನ್ನು ಕಳೆದುಕೊಂಡ ತಾಯಿಯ ಹಟ ಅದು. ವರ್ಷದ ಮೇಲೆ ಆರು ತಿಂಗಳು ಇದು ನಡೆಯಿತು. ನಿಶ್ಚಯವಾಗಿದ್ದ ಹೆಣ್ಣಿನ ಕಡೆಯವರು ಮೊದಲ ತಿಂಗಳಲ್ಲೇ ಶಾಸ್ತ್ರದ ಸೀರೆ ವಾಪಸು ಕಳಿಸಿದ್ದರು. ಚಿಕ್ಕಪ್ಪ ವಾಸಿಯಾದರು, ಮೈ ತುಂಬಿಕೊಂಡರು, ಹೊಲ ಉತ್ತರು. ಎರಡು ವರ್ಷದ ಮೇಲೆ ಇನ್ನೊಂದು ಕಡೆ ಹೆಣ್ಣು ನೋಡಿದಾಗ ಅಜ್ಜಿ ಬೀಗರ ಮುಂದೆ ಎಕ್ಸ್‌ರೇ ಇಟ್ಟು, "ಹಿಂಗಿಂಗೆ ಆಗಿತ್ತು, ಈಗ ಇಲ್ಲ, ಒಪ್ಪಿದ್ರೆ ಕೊಡ್ರಿ" ಎಂದರು. ಚಿಕ್ಕಮ್ಮ ಬಂದದ್ದು ಹಾಗೆ.

ನಾನು ಈ ಕೆಲಸಕ್ಕೆ ಬರಲು ಚಿಕ್ಕಪ್ಪನೇ ಕಾರಣ ಎಂದು ಹೇಳಿದರೆ ಪೂರ್ತಿ ನಿಜವಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಸಿಕ್ಕಿದ ಕೋರ್ಸು ಅದು. ಆದರೆ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಗೆ ತರಬೇತಿಗೆ ಹೋದಾಗ ಆ ಕೆಲಸ ನನ್ನದಾಯಿತು. ಬಳ್ಳಾರಿ ರಸ್ತೆಯ 'ಅವಲಾನ್' ಎಂಬ ಹಳೆಯ ಬಂಗಲೆಯಲ್ಲಿ ಸಂಸ್ಥೆ ಇತ್ತು. 1960ರ ಸೆಪ್ಟೆಂಬರಿನಲ್ಲಿ ಅದನ್ನು ಉದ್ಘಾಟಿಸಿದವರು ನೆಹರೂ. ಕಮಲಾ ಅವರ ಸಾವು ಆ ಹೊತ್ತಿನಲ್ಲಿ ಅವರ ಮನಸ್ಸಿಗೆ ಬರದೆ ಇದ್ದಿರಲು ಸಾಧ್ಯವೇ ಎಂದು ಆ ಬಂಗಲೆಯ ಮೆಟ್ಟಿಲ ಮೇಲೆ ಕುಳಿತು ಯೋಚಿಸುತ್ತಿದ್ದೆ. ಅಲ್ಲಿಯೇ ನನಗೆ ನಮ್ಮ ಜಿಲ್ಲೆಯ ಕಥೆ ಸಿಕ್ಕಿದ್ದು. ಕ್ಷಯ ಎಂದರೆ ಪಟ್ಟಣದ, ಗಿರಣಿ ಕೆಲಸಗಾರರ ರೋಗ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಹಳ್ಳಿಯಲ್ಲೂ ಅಷ್ಟೇ ಇದೆ ಎಂದು ತೋರಿಸಿತ್ತು. ಆಮೇಲೆ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಓಡಾಡಿದರು. ಹಳ್ಳಿಯವರಿಗೆ ಕಾಯಿಲೆಯ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ದೊಡ್ಡವರ ಮಾತು. ಇವರು ಕಂಡದ್ದು ಬೇರೆ. ಕ್ಷಯವಿದ್ದ ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬುದು ಗೊತ್ತಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಪರಿಹಾರ ಹುಡುಕಿಕೊಂಡು ಆಸ್ಪತ್ರೆ ಬಾಗಿಲಿಗೆ ಹೋಗಿಯೂ ಇದ್ದರು. ಅಲ್ಲಿ ಅವರ ಕೈಗೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಿದ್ದರು.

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ದೊಡ್ಡತ್ತೆಯೂ ಎಷ್ಟು ಬಾಗಿಲು ತಟ್ಟಿದ್ದರೋ.

1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತದ್ದು ಈ ತಿಳಿವಿನ ಮೇಲೆ. ಊರೂರಿಗೆ ಎಕ್ಸ್‌ರೇ ಗಾಡಿ ಓಡಿಸುವ ಬದಲು, ಕೆಮ್ಮು ಎಂದು ತಾವಾಗಿಯೇ ಬಂದವರ ಕಫವನ್ನು ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ನೋಡುವುದು. ನೋಡದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿತ್ತು. ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು 1961ರಿಂದ ಸಂಸ್ಥೆ ಹಲವು ವರ್ಷ ಗಮನಿಸಿತು. ಕಫದಲ್ಲಿ ರೋಗಾಣು ಕಂಡು, ಚಿಕಿತ್ಸೆ ತಲುಪದೆ ಉಳಿದವರಲ್ಲಿ ಐದು ವರ್ಷದೊಳಗೆ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ತೀರಿಕೊಂಡಿದ್ದರು. ಮೂರರಲ್ಲೊಬ್ಬರಿಗೆ ತಾನಾಗಿಯೇ ವಾಸಿಯಾಗಿತ್ತು. ಉಳಿದವರು ಇನ್ನೂ ರೋಗಾಣು ಉಗುಳುತ್ತ, ಮನೆಯವರಿಗೆ ಹಂಚುತ್ತ ಬದುಕಿದ್ದರು. ಮನುಷ್ಯ ಜಾತಿಯ ಇಡೀ ಹಳೆಯ ಚರಿತ್ರೆಯಲ್ಲಿ ಕ್ಷಯ ಬಂದವರ ಪಾಡು ಹೆಚ್ಚುಕಡಿಮೆ ಇದೇ. ಹರಕೆ ಫಲಿಸಿತು, ಕಷಾಯ ಹಿಡಿಯಿತು ಎಂದು ಅಜ್ಜಿಯ ಕಾಲದವರು ಹೇಳುತ್ತಿದ್ದ ಕಥೆಗಳು ಆ ಮೂರರಲ್ಲೊಬ್ಬರವು. ಆ ಕಥೆಗಳನ್ನು ನಾನು ಸುಳ್ಳೆನ್ನುವುದಿಲ್ಲ. ಉಳಿದಿಬ್ಬರ ಕಥೆ ಹೇಳಲು ಯಾರೂ ಇರಲಿಲ್ಲ.

ನಮ್ಮ ಲ್ಯಾಬಿನ ಕಿಟಕಿಗೆ ಒಂದು ಬೇವಿನ ಮರದ ನೆರಳು ಬೀಳುತ್ತಿತ್ತು. ಕಫ ಕೊಡುವವರನ್ನು ಆ ಮರದ ಕೆಳಗೆ, ಬಯಲಿನಲ್ಲಿ ಕೆಮ್ಮಲು ಕಳಿಸುತ್ತಿದ್ದೆ. ನಾಚಿಕೆಯಿಂದ ಎಷ್ಟೋ ಹೆಣ್ಣುಮಕ್ಕಳು ಬರೀ ಎಂಜಲು ತಂದುಕೊಡುತ್ತಿದ್ದರು. "ಎದೆಯಾಳದಿಂದ ಕೆಮ್ಮಿ ತೆಗೀಬೇಕಮ್ಮ, ಉಸಿರು ಜೋರಾಗಿ ಎಳ್ಕೊ" ಎಂದು ನಾನೇ ಜೊತೆಗೆ ನಿಂತು ತೋರಿಸುತ್ತಿದ್ದೆ. ಪಾವಗಡದ ಕಡೆಯಿಂದ ಒಬ್ಬಳು ಬಂದಿದ್ದಳು. ಕಡಲೆಕಾಯಿ ಬಿಡಿಸುವ ಕೂಲಿ, ಕಂಕುಳಲ್ಲಿ ಮಗು, ಜೊತೆಗೆ ಅವಳ ಅಣ್ಣ. ಸ್ಲೈಡಿನ ತುಂಬ ರೋಗಾಣು. ಹಾಗೆ ಕಂಡರೆ ಮೂರು ಪ್ಲಸ್ ಎಂದು ಬರೆಯುತ್ತೇವೆ. ಅಣ್ಣ ನನ್ನನ್ನು ಬದಿಗೆ ಕರೆದು, "ಮೇಡಂ, ಅವರ ಮನೇವ್ರು ಬಿಟ್ಟೋಗವ್ರೆ. ಇದು ಹೋಗ್ತದಾ, ಇಲ್ಲ ಸುಮ್ಕೆ ಸಮಾಧಾನಕ್ಕೆ ಹೇಳ್ತಿದೀರಾ?" ಎಂದ. "ಹೋಗ್ತದಪ್ಪ, ನಮ್ಮ ಚಿಕ್ಕಪ್ಪಂಗೆ ಹೋಗೈತೆ" ಎಂದೆ. ಆ ಮಾತು ವೃತ್ತಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಲ ಆಡಿದ ಮಾತು. ಎರಡು ತಿಂಗಳ ಮೇಲೆ ಮತ್ತೆ ಅವಳ ಕಫ ನೋಡಿದಾಗ ನೂರು ಕ್ಷೇತ್ರ ದಾಟಿದರೂ ಒಂದು ಕೆಂಪು ಗೀಟು ಇರಲಿಲ್ಲ. ನಂಬದೆ ಇನ್ನೂ ನೂರು ನೋಡಿದೆ. ಆಕೆಗೆ ಕೆನ್ನೆ ಬಂದಿತ್ತು. ಮಗುವಿಗೆ ಹಲ್ಲು ಬಂದಿತ್ತು.

ಆಕೆ ಅಷ್ಟು ಬೇಗ ಚೇತರಿಸಿಕೊಂಡದ್ದಕ್ಕೆ ರಿಫಾಂಪಿಸಿನ್ ಕಾರಣ. ಚಿಕ್ಕಪ್ಪನ ಕಾಲದಲ್ಲಿ ಅದು ಇರಲಿಲ್ಲ. ಅದು ಬಂದ ಮೇಲೆ ಹದಿನೆಂಟು ತಿಂಗಳ ಚಿಕಿತ್ಸೆ ಆರು ತಿಂಗಳಿಗಿಳಿಯಿತು. ಆ ಮಾತ್ರೆ ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಕಣ್ಣೀರೂ ಅಷ್ಟೇ. ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದು ಹೆದರಿ ಬಿಟ್ಟುಬಿಡುತ್ತಾರೆ. ಹೀಗಾಗಿ ಚೀಟಿ ಬರೆಯುವಾಗಲೇ ಹೇಳುವುದನ್ನು ರೂಢಿ ಮಾಡಿಕೊಂಡಿದ್ದೆ. 1980ರ ದಶಕದಲ್ಲಿ ಆ ಮಾತ್ರೆ ದುಬಾರಿ, ಎಲ್ಲರಿಗೂ ಸಿಗುತ್ತಿರಲಿಲ್ಲ. ಐಸೊನಯಾಜಿಡ್ ಜೊತೆ ಥಯಾಸಿಟಜೋನ್ ಕೊಡುತ್ತಿದ್ದ ಕಾಲವೂ ನನ್ನ ಕಣ್ಣಮುಂದೆಯೇ ಇತ್ತು. ಅದರಿಂದ ಮೈಮೇಲೆ ಗಂಧೆ ಎದ್ದು ಒದ್ದಾಡಿದವರನ್ನು ನೋಡಿದ್ದೇನೆ. 1997ರಿಂದ ಹಂತಹಂತವಾಗಿ ಕ್ಷಯ ನಿಯಂತ್ರಣದ ಹೊಸ ಕಾರ್ಯಕ್ರಮ ಹಬ್ಬಿತು, ನಮ್ಮ ಕಡೆಗೆ ಇನ್ನೂ ಕೆಲವು ವರ್ಷ ತಡವಾಗಿ ಬಂತು. ಆಗ ಬಂದವು ಡಬ್ಬಿಗಳು. ಹೊಸ ರೋಗಿಗೆ ಕೆಂಪು ಡಬ್ಬಿ, ಹಿಂದೆ ಚಿಕಿತ್ಸೆ ಪಡೆದು ಮತ್ತೆ ಬಂದವರಿಗೆ ನೀಲಿ ಡಬ್ಬಿ. ಒಬ್ಬ ಮನುಷ್ಯನ ಇಡೀ ಚಿಕಿತ್ಸೆ ಒಂದೇ ಡಬ್ಬಿಯಲ್ಲಿ, ಮೇಲೆ ಅವನ ಹೆಸರು. ಸ್ಟಾಕು ಮುಗಿಯಿತು, ಮುಂದಿನ ವಾರ ಬಾ ಎನ್ನುವ ಮಾತು ಅಲ್ಲಿಗೆ ನಿಂತಿತು. ಬಡವನೊಬ್ಬನ ಹೆಸರು ಬರೆದ ಡಬ್ಬಿ ಸರ್ಕಾರಿ ಆಸ್ಪತ್ರೆಯ ಬೀರುವಿನಲ್ಲಿ ಅವನಿಗಾಗಿಯೇ ಕಾಯುತ್ತಿರುವುದನ್ನು ಕಂಡಾಗ ನನಗೆ ಆದ ಸಂತೋಷ ಈಗಲೂ ಮಾಸಿಲ್ಲ.

ವಾರಕ್ಕೆ ಮೂರು ಸಲ ಯಾರಾದರೊಬ್ಬರ ಎದುರಿಗೇ ನುಂಗಬೇಕು ಎಂಬುದು ಆಗಿನ ನಿಯಮ. ಅಂಗನವಾಡಿ ಕಾರ್ಯಕರ್ತೆ, ಮೇಷ್ಟ್ರು, ಯಾರಾದರೂ ಸರಿ. ಬಸ್‌ಸ್ಟ್ಯಾಂಡಿನ ಎದುರು ಟೀ ಅಂಗಡಿ ಇಟ್ಟಿದ್ದವನೊಬ್ಬ ತಾನಾಗಿಯೇ ಮುಂದೆ ಬಂದ. ಸಕ್ಕರೆ ಡಬ್ಬದ ಪಕ್ಕದಲ್ಲಿ ಮೂರು ನಾಲ್ಕು ಕೆಂಪು ಡಬ್ಬಿ ಇಟ್ಟುಕೊಂಡಿರುತ್ತಿದ್ದ. ಬೆಳಿಗ್ಗೆ ಕೂಲಿಗೆ ಹೋಗುವವರು ಬಂದು, ಮಾತ್ರೆ ನುಂಗಿ, ಒಂದು ಬನ್ನು ತಿಂದು ಹೋಗುತ್ತಿದ್ದರು. ಬನ್ನಿಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಯಾರಾದರೂ ಬರದಿದ್ದರೆ ಸಂಜೆ ಸೈಕಲ್ ಹತ್ತಿ ಅವರ ಹಳ್ಳಿಗೆ ಹೋಗುತ್ತಿದ್ದ. ಈ ಎದುರಿಗೇ ನುಂಗಿಸುವ ಪದ್ಧತಿಯ ಬಗ್ಗೆ ತಕರಾರುಗಳಿವೆ. ಬಡವರನ್ನು ನಂಬದೆ ಕಾವಲು ಕಾಯುವುದು ಇದು ಎಂದು ಓದಿದವರು ಬರೆದಿದ್ದಾರೆ. ಕೆಲವು ಕಡೆ ಹಾಗೆ ಆಗಿರಲೂಬಹುದು. ನಮ್ಮ ಟೀ ಅಂಗಡಿಯಲ್ಲಿ ಆಗಲಿಲ್ಲ.

ಎಲ್ಲರೂ ಉಳಿಯಲಿಲ್ಲ. ಲಾರಿಯಲ್ಲಿ ಕ್ಲೀನರ್ ಆಗಿದ್ದ ಹುಡುಗನೊಬ್ಬ ಎರಡು ತಿಂಗಳಲ್ಲಿ ಕೆಮ್ಮು ನಿಂತಿತೆಂದು ಡ್ಯೂಟಿಗೆ ಹೋದ. ದಾರಿಯಲ್ಲಿ ಎಲ್ಲೆಲ್ಲೋ ಸಿಕ್ಕ ಡಾಕ್ಟರರ ಬಳಿ ಒಂದು ವಾರ ಇದು, ಹತ್ತು ದಿನ ಅದು ಎಂದು ನುಂಗಿದ್ದ. ಮರಳಿ ಬಂದಾಗ ಅವನ ರೋಗಾಣು ಐಸೊನಯಾಜಿಡ್ಡಿಗೂ ಬಗ್ಗುತ್ತಿರಲಿಲ್ಲ, ರಿಫಾಂಪಿಸಿನ್ನಿಗೂ ಬಗ್ಗುತ್ತಿರಲಿಲ್ಲ. ಎರಡು ವರ್ಷದ ಚಿಕಿತ್ಸೆ ಬರೆದರು; ಮೊದಲ ತಿಂಗಳುಗಳಲ್ಲಿ ದಿನವೂ ಕ್ಯಾನಮೈಸಿನ್ ಚುಚ್ಚುಮದ್ದು. ಸ್ವಲ್ಪ ದಿನದಲ್ಲಿ ಕಿವಿ ಕೇಳದಾಯಿತು. ನಾನು ಮಾತಾಡಿದರೆ ನನ್ನ ತುಟಿಯನ್ನೇ ನೋಡುತ್ತಿದ್ದ. ಎರಡನೆಯ ವರ್ಷಕ್ಕೆ ಕಾಲಿಡಲಿಲ್ಲ. ಅವನ ತಾಯಿ ಉಳಿದ ಮಾತ್ರೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, "ಯಾರ್‌ಗಾದ್ರೂ ಆಗ್ತವೆ, ಇಟ್ಕಳಿ" ಎಂದು ಮೇಜಿನ ಮೇಲೆ ಸುರಿದು ಹೋದಳು.

ಮಾತ್ರೆಯೊಂದರಿಂದಲೇ ಎಲ್ಲ ಆಗುತ್ತದೆ ಎಂದು ನಾನು ನಂಬಿದವಳಲ್ಲ. ಸ್ಯಾನಟೋರಿಯಂನವರು ಹಾಲು ಮೊಟ್ಟೆ ಕೊಡುತ್ತಿದ್ದುದರಲ್ಲಿ ಒಂದು ಸತ್ಯವಿತ್ತು. ಮಾತ್ರೆ ಬಂದ ಉತ್ಸಾಹದಲ್ಲಿ ಅದನ್ನು ಮರೆತೆವು. ರಿಜಿಸ್ಟರಿನಲ್ಲಿ ತೂಕದ ಕಾಲಮ್ಮು ತುಂಬುವಾಗ ಮೂವತ್ತೆರಡು ಕಿಲೋ, ಮೂವತ್ತೈದು ಕಿಲೋ ಎಂದು ಬರೆದು ಬರೆದು ಕೈ ನೊಂದಿದೆ. ದೊಡ್ಡವರ ತೂಕ ಅದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು ಜಾರ್ಖಂಡದಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾದಾಗ ನಾನು ನಿವೃತ್ತಳಾಗಿದ್ದೆ. ರೋಗಿಯ ಮನೆಯವರಿಗೆ ತಿಂಗಳಿಗೆ ತಲೆಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟರೆ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 40ರ ಆಸುಪಾಸು ತಗ್ಗಿತು. ಯಾವ ಹೊಸ ಔಷಧಿಯ ಸುದ್ದಿಯೂ ನನ್ನನ್ನು ಅಷ್ಟು ಅಲುಗಿಸಿರಲಿಲ್ಲ. ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರಲ್ಲಿ ಅದನ್ನು 1000 ಮಾಡಿದೆ. ಆ ಹಣ ಮಾತ್ರೆಯಷ್ಟೇ ತಪ್ಪದೆ ತಲುಪಬೇಕು ಎಂಬುದು ನನ್ನ ಬೇಡಿಕೆ.

ನಾನು ಕೆಲಸ ಬಿಡುವ ಹೊತ್ತಿಗೆ ಲ್ಯಾಬಿಗೆ ಟ್ರೂನ್ಯಾಟ್ ಯಂತ್ರದ ಕಾಲ ಬಂದಿತ್ತು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಯಂತ್ರ, ಬ್ಯಾಟರಿಯಲ್ಲಿ ನಡೆಯುತ್ತದೆ. ರೋಗಾಣುವಿನ ವಂಶವಾಹಿಯನ್ನೇ ಹುಡುಕಿ, ಅದು ರಿಫಾಂಪಿಸಿನ್ನಿಗೆ ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ಅವತ್ತೇ ಹೇಳುತ್ತದೆ. ಬಗ್ಗದ ಕ್ಷಯಕ್ಕೂ ಈಗ ಬೆಡಾಕ್ವಿಲಿನ್ ಸೇರಿದಂತೆ ನಾಲ್ಕು ಔಷಧಿಗಳ ಆರು ತಿಂಗಳ ಚಿಕಿತ್ಸೆ ಇದೆ, ಎಲ್ಲವೂ ಬಾಯಲ್ಲಿ ನುಂಗುವಂಥದ್ದು, ಕಿವಿ ಕಳೆಯುವ ಸೂಜಿ ಇಲ್ಲ. ಆ ಕ್ಲೀನರ್ ಹುಡುಗ ಹದಿನೈದು ವರ್ಷ ತಡವಾಗಿ ಹುಟ್ಟಿದ್ದರೆ ಇವತ್ತು ಲಾರಿ ಓಡಿಸುತ್ತಿದ್ದ. ಇಷ್ಟೆಲ್ಲ ಇದ್ದೂ ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. 2023ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮೂರು ವಾರ ಕೆಮ್ಮಿದವರು ಇವತ್ತಿಗೂ ಮೊದಲು ಹೋಗುವುದು ಮೆಡಿಕಲ್ ಸ್ಟೋರಿಗೆ. ಅಲ್ಲಿ ಅವರ ಕೈಗೆ ಬರುವುದು, ಬ್ಯಾನರ್ಜಿಯವರು ನಮ್ಮ ಜಿಲ್ಲೆಯಲ್ಲಿ ಕಂಡ ಅದೇ ಬಾಟಲಿ.

ಚಿಕ್ಕಪ್ಪನಿಗೆ ಈಗ ಎಂಬತ್ತು ದಾಟಿದೆ. ಈಚೆಗೆ ಅವರ ಮೊಮ್ಮಗನಿಗೆ ತಿಪಟೂರಿನ ಕಡೆಯ ಹುಡುಗಿ ಗೊತ್ತಾಯಿತು. ಮಾತುಕತೆಗೆ ಬಂದ ದಿನ ಹುಡುಗಿಯ ತಂದೆ ಕಾಫಿ ಲೋಟ ಕೆಳಗಿಟ್ಟು, ಕಾಲೇಜಿನಲ್ಲಿದ್ದಾಗ ಮಗಳಿಗೆ ಟಿಬಿ ಆಗಿತ್ತು, ಮುಚ್ಚಿಡಲು ಮನಸ್ಸಿಲ್ಲ ಎಂದರು. ನಡುಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು, ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಹುಡುಗಿಯ ಕಡೆಗೆ ತಿರುಗಿದರು.

"ಮಾತ್ರೆ ಪೂರ್ತಿ ನುಂಗಿದ್ಯೇನವ್ವಾ?"

"ಆರು ತಿಂಗಳೂ ನುಂಗಿದೀನಿ ತಾತ. ಒಂದು ದಿನಾನೂ ಬಿಟ್ಟಿಲ್ಲ."

"ನಂಗೆ ಹದಿನೆಂಟು ತಿಂಗಳು ನುಂಗಿಸಿದ್ರು" ಎಂದರು ಚಿಕ್ಕಪ್ಪ. ಆ ಹುಡುಗಿಗೆ ಅದು ಗೊತ್ತಿರಲಿಲ್ಲ, ತಲೆಯೆತ್ತಿ ನೋಡಿದಳು. "ಇನ್ನೇನೈತೆ, ಪಂಚಾಂಗ ತಗೀರಿ" ಎಂದು ಅವರು ಹೇಳುವಷ್ಟರಲ್ಲಿ ಚಿಕ್ಕಮ್ಮ ಅಡುಗೆಮನೆಯಿಂದಲೇ, ಛತ್ರ ತುಮಕೂರಿನಲ್ಲಾದರೆ ನಮ್ಮ ಕಡೆಯವರಿಗೂ ಅನುಕೂಲ, ತಿಪಟೂರಿನಲ್ಲಾದರೆ ಎರಡು ಬಸ್ಸು ಮಾಡಬೇಕಾಗುತ್ತದೆ ಎಂದು ಶುರು ಮಾಡಿದರು.